ಕೋಳಿ ಶೆಡ್ಡಿಗೆ ಯಾರ ಸಹಿ?

ಹಳ್ಳಿಯಲ್ಲಿ ಎರಡು ಕೋಣೆ ಮನೆ ಕಟ್ಟಬೇಕಾದರೂ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಬೇಕು. ಇ-ಸ್ವತ್ತು ಬೇಕು, ನಕ್ಷೆ ಬೇಕು, ಕಂದಾಯ ಕಟ್ಟಿದ ರಸೀತಿ ಬೇಕು. ರಸ್ತೆ ಬದಿ ಟೀ ಅಂಗಡಿ ಇಟ್ಟರೆ ಬಿಲ್ ಕಲೆಕ್ಟರ್ ಬಂದು ಲೈಸೆನ್ಸ್ ಕೇಳುತ್ತಾರೆ. ಅದೇ ಊರಿನ ಮಗ್ಗುಲಿನ ತೋಟದಲ್ಲಿ ಇಪ್ಪತ್ತು ಸಾವಿರ ಕೋಳಿ ಹಿಡಿಯುವ ಶೆಡ್ ಎದ್ದರೆ ಯಾರ ಸಹಿ ಬೇಕು?

ಈ ಪ್ರಶ್ನೆ ಹಿಡಿದುಕೊಂಡು ನಾವು ಸುಮಾರು ಒಂದು ವರ್ಷ ಓಡಾಡಿದೆವು. ಪತ್ರಿಕೆಗೆ ಸುದ್ದಿ ಕಳಿಸಿದ್ದು ಮೂರು ಸಲ, ಅಚ್ಚಾಗಿದ್ದು ಒಂದು ಸಲ, ಅದೂ ಒಳಪುಟದಲ್ಲಿ ಎಂಟು ಸಾಲು. 'ಕೋಳಿ ಫಾರಂ ನೊಣ: ಗ್ರಾಮಸ್ಥರ ಆಕ್ರೋಶ' ಅಂತ ತಲೆಬರಹ. ಆಕ್ರೋಶ ಇದ್ದದ್ದು ನಿಜ. ಆದರೆ ಆಕ್ರೋಶಪಟ್ಟವರ ಪೈಕಿ ಅರ್ಧ ಜನ ಅದೇ ಶೆಡ್ಡಿನ ಗೊಬ್ಬರವನ್ನು ತಮ್ಮ ತೆಂಗಿನ ಬುಡಕ್ಕೆ ಹಾಕಿಸಿಕೊಂಡವರು ಅನ್ನುವುದು ಎಂಟು ಸಾಲಿನಲ್ಲಿ ಹಿಡಿಯಲಿಲ್ಲ. ನಮ್ಮ ಮನೆಯವರೂ ಹಾಕಿಸಿದ್ದಾರೆ. ವರ್ಷಕ್ಕೊಂದು ಲೋಡು.

ಊರಿನ ಹೆಸರು ಬೇಡ. ತುರುವೇಕೆರೆ ತಾಲೂಕಿನ ಒಂದು ಊರು ಅಂದುಕೊಳ್ಳಿ. ನೂರಿಪ್ಪತ್ತು ಮನೆ, ಒಂದು ಪ್ರಾಥಮಿಕ ಶಾಲೆ, ಒಂದು ಹಾಲಿನ ಡೇರಿ, ಮೂರು ಕಡೆ ತೆಂಗು, ಒಂದು ಕಡೆ ಕೆರೆ. ಹೇಮಾವತಿ ನೀರು ಬಂದ ವರ್ಷ ಕೆರೆ, ಬಾರದ ವರ್ಷ ಜಾಲಿ ಗಿಡ. ಶೆಡ್ ಹಾಕಿದವರು ನಮಗೆ ದೂರದಲ್ಲಿ ನೆಂಟರೇ ಆಗಬೇಕು, ವರಸೆಯಲ್ಲಿ ಅಣ್ಣ. ಅವರು ಯಾಕೆ ಶೆಡ್ ಹಾಕಿದರು ಅನ್ನುವುದನ್ನು ಮೊದಲು ಹೇಳಬೇಕು. ಅದನ್ನು ಬಿಟ್ಟು ಬರೀ ನೊಣದ ಕಥೆ ಹೇಳಿದರೆ ಅನ್ಯಾಯ.

2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿತ್ತು. ಕೇಂದ್ರ ಸರ್ಕಾರ ಆ ವರ್ಷಕ್ಕೆ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ನಾಫೆಡ್ ಖರೀದಿ ಕೇಂದ್ರದ ಮುಂದಿನ ಸಾಲುಗಳು ನಿಮಗೂ ನೆನಪಿರಬೇಕು. ಅಟ್ಟದ ಮೇಲೆ ವರ್ಷವಿಡೀ ಕಾದಿಟ್ಟ ಕಾಯಿ, ಸುಲಿಯುವವರ ಕೂಲಿ, ಒಡೆಯುವವರ ಕೂಲಿ ಕಳೆದರೆ ಕೈಗೆ ಏನೂ ಉಳಿಯುತ್ತಿರಲಿಲ್ಲ. ಮೇಲಿಂದ ನುಸಿ, ಕಪ್ಪುತಲೆ ಹುಳು, ರಸ ಸೋರುವ ರೋಗ. ಅಣ್ಣನ ನಾಲ್ಕು ಎಕರೆಯಲ್ಲಿ ಒಂದೆಕರೆ ಮರ ಸುಳಿ ಬಿದ್ದು ಹೋಗಿತ್ತು. ಆ ಜಾಗದಲ್ಲೇ ಬ್ಯಾಂಕ್ ಸಾಲ ತೆಗೆದು ಶೆಡ್ ಹಾಕಿದರು. 2025ರಲ್ಲಿ ಕೊಬ್ಬರಿ ಬೆಲೆ ಏಕಾಏಕಿ ಏರಿದಾಗ ಊರಿನವರು, 'ಆ ಮರಗಳನ್ನ ಇಟ್ಕೊಂಡಿದ್ರೆ ಆಗ್ತಿತ್ತಲ್ಲ' ಅಂದರು. ಬಿದ್ದ ಸುಳಿ ಬೆಲೆ ಏರಿತೆಂದು ಚಿಗುರುತ್ತದೆಯೇ?

ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕೋಳಿ ರೈತನದಲ್ಲ. ಕಂಪನಿ ಮರಿ ತಂದು ಬಿಡುತ್ತದೆ. ಆಹಾರ, ಔಷಧಿ ಅದೇ ಕೊಡುತ್ತದೆ. ಶೆಡ್, ನೀರು, ಕರೆಂಟು, ದುಡಿಮೆ ರೈತನದು. ನಲವತ್ತು ದಿನದ ಹೊತ್ತಿಗೆ ಕೋಳಿ ಎರಡು ಕೆಜಿ ಆಸುಪಾಸು ತೂಗುತ್ತದೆ. ರಾತ್ರಿ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ. ರೈತನಿಗೆ ಸಿಗುವುದು ಕೆಜಿಗಿಷ್ಟು ಅಂತ ಸಾಕಾಣಿಕೆ ಕೂಲಿ. ಸತ್ತ ಕೋಳಿ ಜಾಸ್ತಿಯಾದರೆ, ಆಹಾರ ಹೆಚ್ಚು ತಿಂದರೆ ಕೂಲಿ ಇಳಿಯುತ್ತದೆ. ಕೊನೆಯಲ್ಲಿ ರೈತನಿಗೆಂದು ಉಳಿಯುವ ಸ್ವತ್ತು ಎರಡೇ, ಸಾಲ ಮತ್ತು ಗೊಬ್ಬರ. ಕಂಪನಿಯ ಕೋಳಿ ಊರು ಬಿಟ್ಟು ಹೋಗುತ್ತದೆ, ಹಿಕ್ಕೆ ಊರಲ್ಲೇ ಉಳಿಯುತ್ತದೆ. ಜಗಳವೆಲ್ಲ ಹುಟ್ಟುವುದು ಈ ಉಳಿದ ಭಾಗದಿಂದ. ಕಂಪನಿಗೆ ಅದರ ಜವಾಬ್ದಾರಿಯೇ ಇಲ್ಲ.

ನಮ್ಮ ಕಡೆ ನೆಲಕ್ಕೆ ಭತ್ತದ ಹೊಟ್ಟಿನ ಜೊತೆ ತೆಂಗಿನ ನಾರಿನ ಪುಡಿಯನ್ನೂ ಹಾಸುತ್ತಾರೆ. ಒಣಗಿದ್ದರೆ ಅದರಷ್ಟು ಒಳ್ಳೆಯ ಹಾಸು ಇಲ್ಲ. ನೀರು ಕುಡಿಸುವ ನಿಪ್ಪಲ್ ಸೋರಿ ಒದ್ದೆಯಾದರೆ ಅದರಷ್ಟು ಕೆಟ್ಟದ್ದೂ ಇಲ್ಲ. ಒದ್ದೆ ಹಿಕ್ಕೆಯಲ್ಲಿ ನೊಣ ಮೊಟ್ಟೆ ಇಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನಕ್ಕೆ ಮೊಟ್ಟೆ ಹುಳುವಾಗಿ, ಹುಳು ನೊಣವಾಗಿ ಹಾರುತ್ತದೆ. ಅಂದರೆ ಒಂದು ಬ್ಯಾಚ್ ಕೋಳಿ ಬೆಳೆಯುವಷ್ಟರಲ್ಲಿ ನೊಣದ ನಾಲ್ಕೈದು ತಲೆಮಾರು. ಆ ಮಳೆಗಾಲದಲ್ಲಿ ಶಾಲೆಯ ಬಿಸಿಯೂಟದ ತಟ್ಟೆಗೆ ಮಕ್ಕಳು ಒಂದು ಕೈ ಬೀಸುತ್ತಾ ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದುದನ್ನು ನಾವೇ ನೋಡಿದೆವು. ಅಡುಗೆ ಮಾಡುವ ಅಕ್ಕ ಸಾರಿನ ಪಾತ್ರೆಗೆ ತೆಳು ಸೀರೆ ಕಟ್ಟಿ, ಸೌಟು ಹಾಕುವಷ್ಟೇ ಸಂದು ಬಿಟ್ಟಿದ್ದರು. ಒಬ್ಬ ಅಜ್ಜಿ ಹೇಳಿದರು: 'ಹಸು ಕಟ್ಟಿರೋ ಮನೇಲಿ ನೊಣ ಇರ್ತದೆ ಕಣಪ್ಪ, ನಾವೂ ನೊಣ ನೋಡಿದ್ದೀವಿ. ಇದು ನೊಣ ಅಲ್ಲ, ಮೋಡ.'

ಎಲ್ಲ ನೊಣವೂ ಶೆಡ್ಡಿನದೇ ಅಲ್ಲ ಅನ್ನುವುದೂ ನಿಜ. ಹೊರಗಿನಿಂದ ಬರುವ ಕೋಳಿ ಗೊಬ್ಬರದ ಲಾರಿಗಳು ತೋಟದ ಅಂಚಿಗೆ ಸುರಿದು ಹೋಗುತ್ತವೆ. ಅದನ್ನು ಹರಡಲು ಆಳು ಸಿಗುವಷ್ಟರಲ್ಲಿ ಎರಡು ವಾರ. ನಡುವೆ ಒಂದು ಮಳೆ. ಅಲ್ಲಿಗೆ ಮುಗಿಯಿತು. ಶೆಡ್ಡಿನ ಮೇಲೆ ದೂರು ಕೊಡುವವರು ತಮ್ಮ ತೋಟದ ಅಂಚಿನ ರಾಶಿಯ ಮೇಲೆ ದೂರು ಕೊಟ್ಟದ್ದನ್ನು ನಾವು ಕಂಡಿಲ್ಲ.

ಇನ್ನು ಕಚೇರಿಗಳ ವಿಷಯ. ಊರಿನ ಇಪ್ಪತ್ತಾರು ಜನರ ಸಹಿ ಇದ್ದ ಅರ್ಜಿ ಹಿಡಿದು ನಾಲ್ಕು ಕಡೆ ಹೋದೆವು. ಮೊದಲ ಕಡೆ, 'ಇದು ಕೃಷಿ ಸಾರ್, ನಾವು ಕೈ ಹಾಕಿದ್ರೆ ಕೋರ್ಟಿಗೆ ಹೋಗ್ತಾರೆ' ಅಂದರು. ಎರಡನೇ ಕಡೆ, 'ಜಮೀನು ಅವರದೇ, ಪರಿವರ್ತನೆ ಬೇಕಿಲ್ಲ, ನಮ್ಮ ಹತ್ರ ಫೈಲೇ ಬರಲ್ಲ' ಅಂದರು. ಮೂರನೇ ಕಡೆ, 'ಕೋಳಿಗೆ ರೋಗ ಬಂದ್ರೆ ಹೇಳಿ, ಜನಕ್ಕೆ ತೊಂದರೆ ಆದ್ರೆ ನಮ್ಮದಲ್ಲ' ಅಂದರು. ನಾಲ್ಕನೇ ಕಡೆ ಬಹಳ ಮರ್ಯಾದೆಯಿಂದ ಕೂರಿಸಿ, 'ಎಷ್ಟು ಕೋಳಿ ಇದೆ ಅಂತ ಮೊದಲ ಆಫೀಸಿಂದ ಬರೆಸ್ಕೊಂಡು ಬನ್ನಿ' ಅಂದರು. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರ ಮಾತಿಗೂ ಒಂದೊಂದು ಕಾನೂನಿನ ಆಧಾರ ಇತ್ತು. ನಮಗೆ ಕುತೂಹಲ ಹುಟ್ಟಿಸಿದ್ದು ಅದೇ.

ಸಂವಿಧಾನದಿಂದಲೇ ಶುರು ಮಾಡೋಣ. ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 15ನೇ ವಿಷಯ ಪಶುಸಂಪತ್ತಿನ ರಕ್ಷಣೆ, ಅಭಿವೃದ್ಧಿ ಮತ್ತು ರೋಗ ತಡೆ. ಅಂದರೆ ರಾಜ್ಯದ ಅಧಿಕಾರ. 73ನೇ ತಿದ್ದುಪಡಿಯಿಂದ 1993ರ ಏಪ್ರಿಲ್‌ನಲ್ಲಿ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಅಂತ 29 ವಿಷಯಗಳಿವೆ. ಅದರಲ್ಲಿ ನಾಲ್ಕನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಹಾಗಾದರೆ ಪಂಚಾಯಿತಿಯದೇ ಆಯಿತಲ್ಲ ಅಂದುಕೊಳ್ಳಬೇಡಿ. 243ಜಿ ವಿಧಿಯಲ್ಲಿ ಇರುವುದು, ರಾಜ್ಯದ ಶಾಸಕಾಂಗ ಕಾನೂನು ಮಾಡಿ ಈ ಅಧಿಕಾರಗಳನ್ನು ಪಂಚಾಯಿತಿಗಳಿಗೆ 'ಕೊಡಬಹುದು' ಅಂತ. 'ಕೊಡತಕ್ಕದ್ದು' ಅಂತಲ್ಲ. ಆ ಒಂದು ಪದದ ಸಂದಿನಲ್ಲಿ ನಮ್ಮ ಊರಿನ ಅರ್ಜಿ ಸಿಕ್ಕಿಕೊಂಡಿದೆ.

ನಮ್ಮ ರಾಜ್ಯ ಏನು ಕೊಟ್ಟಿದೆ? 1993ರ ಪಂಚಾಯತ್ ರಾಜ್ ಅಧಿನಿಯಮದ (ಈಗ ಅದರ ಹೆಸರಿಗೆ ಗ್ರಾಮ ಸ್ವರಾಜ್ ಅಂತಲೂ ಸೇರಿದೆ) ಒಂದನೇ ಅನುಸೂಚಿಯಲ್ಲಿ ಗ್ರಾಮ ಪಂಚಾಯಿತಿಯ ಕೆಲಸಗಳ ಪಟ್ಟಿ ಇದೆ. ಜಾನುವಾರು, ಕೋಳಿ ತಳಿ ಸುಧಾರಣೆ; ಹೈನುಗಾರಿಕೆ, ಕೋಳಿ, ಹಂದಿ ಸಾಕಣೆಗೆ ಉತ್ತೇಜನ; ಹುಲ್ಲುಗಾವಲು ಅಭಿವೃದ್ಧಿ. ಸುಧಾರಣೆ ಇದೆ, ಉತ್ತೇಜನ ಇದೆ, ನಿಯಂತ್ರಣ ಎಂಬ ಪದ ಇಲ್ಲ. ಅದೇ ಕಾಯ್ದೆಯಲ್ಲಿ ಬೇರೆ ಕಡೆ, ಕಾರ್ಖಾನೆ ಕಟ್ಟಲು, ಯಂತ್ರ ಕೂರಿಸಲು, ಜನರಿಗೆ ತೊಂದರೆ ಕೊಡುವಂಥ ಕಸುಬು ನಡೆಸಲು ಪಂಚಾಯಿತಿ ಅನುಮತಿ ಬೇಕು ಅಂತಿದೆ. ಆದರೆ ಕೋಳಿ ಶೆಡ್ ಕಾರ್ಖಾನೆಯೋ, ಕಸುಬೋ, ಕೃಷಿಯೋ?

ಕೃಷಿ ಅನ್ನುತ್ತದೆ ಕಾನೂನು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಪರಿಭಾಷೆಯಲ್ಲಿ 'ಕೃಷಿ' ಎಂದರೆ ಬೆಳೆ ಬೆಳೆಯುವುದಷ್ಟೇ ಅಲ್ಲ, ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಬೆಳೆಸುವುದು ಎಲ್ಲವೂ ಸೇರಿದೆ. ಕೆಲವು ವರ್ಷಗಳ ಹಿಂದೆ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಒಂದು ಗ್ರಾಮ ಪಂಚಾಯಿತಿ ಕೋಳಿ ಫಾರಂ ಅನ್ನು ವಾಣಿಜ್ಯ ಎಂದು ಲೆಕ್ಕ ಹಾಕಿ ತೆರಿಗೆ ಕೇಳಿತ್ತು. ಕೋರ್ಟು, ಕೋಳಿ ಸಾಕಣೆ ಕೃಷಿಯೇ, ಅದಕ್ಕೆ ಭೂ ಪರಿವರ್ತನೆ ಬೇಕಿಲ್ಲ, ವಾಣಿಜ್ಯ ಕಟ್ಟಡವೆಂದು ಪಂಚಾಯಿತಿ ತೆರಿಗೆ ಹಾಕುವಂತಿಲ್ಲ ಅಂದಿತು. ಐನೂರು ಕೋಳಿ ಸಾಕುವ ಬಡ ರೈತನ ದೃಷ್ಟಿಯಿಂದ ನೋಡಿದರೆ ಇದು ನ್ಯಾಯವೇ. ಅವನನ್ನು ಸಿನಿಮಾ ಥಿಯೇಟರ್ ಮಾಲೀಕನಂತೆ ನೋಡಿ ಕಂದಾಯ ಕೇಳುವುದು ತಪ್ಪು. ಆದರೆ ಆ ತೀರ್ಪು ತೆರಿಗೆಯ ಮಾತು, ನೊಣದ ಮಾತಲ್ಲ. ಹಳ್ಳಿಗಳಲ್ಲಿ ಅದು ಹರಡಿದ್ದು ಮಾತ್ರ 'ಪಂಚಾಯಿತಿಗೆ ಕೋಳಿ ಶೆಡ್ ಕೇಳೋ ಹಕ್ಕೇ ಇಲ್ಲ' ಎಂಬ ರೂಪದಲ್ಲಿ.

ಪರಿವರ್ತನೆ ಬೇಕಿಲ್ಲ ಅನ್ನುವುದರ ಇನ್ನೊಂದು ಪರಿಣಾಮವನ್ನು ಯಾರೂ ಗಮನಿಸುವುದಿಲ್ಲ. ಅರ್ಜಿಯೇ ಇಲ್ಲದಿದ್ದರೆ ಊರಿಗೆ ಸುದ್ದಿ ತಿಳಿಯುವ ಬಗೆಯೂ ಇಲ್ಲ. ಕಂಬ ನೆಟ್ಟು, ಶೀಟು ಹೊದಿಸಿ, ಮರಿಯ ಗಾಡಿ ಬಂದ ದಿನವೇ ಊರಿಗೆ ಗೊತ್ತಾಗುವುದು. ಅಷ್ಟರಲ್ಲಿ ರೈತ ಲಕ್ಷಗಟ್ಟಲೆ ಸುರಿದಿರುತ್ತಾನೆ. ಆಮೇಲೆ 'ಐನೂರು ಮೀಟರ್ ಆಚೆ ಹಾಕಬೇಕಿತ್ತು' ಅಂದರೆ ಆತ ಶೆಡ್ಡನ್ನು ತಲೆ ಮೇಲೆ ಹೊತ್ತುಕೊಂಡು ಹೋಗಲಾದೀತೇ? ಮಾತಾಡಬೇಕಾದದ್ದು ಕಂಬ ನೆಡುವ ಮೊದಲು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಬೆಂಗಳೂರಿನವರು ತೋಟ ಕೊಂಡು ನೂರು ಹಸುವಿನ ಡೇರಿ ಮಾಡುತ್ತೇವೆ ಅಂತ ಬರುತ್ತಿದ್ದಾರೆ. ನೆಂಟರಾದರೆ ಜಗಳವಾದರೂ ಆಡಬಹುದು. ಗೇಟಿಗೆ ಬೀಗ ಹಾಕಿ, ವಾಚ್‌ಮನ್ ಇಟ್ಟು, ಶನಿವಾರ ಮಾತ್ರ ಬಂದು ಹೋಗುವವರ ಜೊತೆ ಎಲ್ಲಿ ಜಗಳವಾಡುವುದು?

ಐನೂರು ಮೀಟರ್ ಎಲ್ಲಿಂದ ಬಂತು ಅಂದರೆ ದೆಹಲಿಯಿಂದ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹಳೆಯ ಮಾರ್ಗಸೂಚಿಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಕೋಳಿಯ ಫಾರಂಗಳನ್ನು ಸಮ್ಮತಿ ಪತ್ರದಿಂದ ಬಿಟ್ಟುಬಿಟ್ಟಿದ್ದರು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಒಪ್ಪದೆ ಮತ್ತೆ ಪರಿಶೀಲಿಸಿ ಅಂದಿತು. 2021ರಲ್ಲಿ ಹೊಸ ಮಾರ್ಗಸೂಚಿ ಬಂತು. 25,000ಕ್ಕಿಂತ ಹೆಚ್ಚು ಕೋಳಿ ಇದ್ದವರಿಗೆ 2022ರ ಜನವರಿಯಿಂದ, 5,000ದಿಂದ 25,000 ಇದ್ದವರಿಗೆ 2023ರ ಜನವರಿಯಿಂದ ಅನ್ವಯ. ವಸತಿ ಪ್ರದೇಶದಿಂದ 500 ಮೀಟರ್, ಕೆರೆ, ಹೊಳೆ, ನಾಲೆ, ಕುಡಿಯುವ ನೀರಿನ ಬಾವಿಯಿಂದ 100 ಮೀಟರ್ ದೂರ ಇರಬೇಕು, ಗೊಬ್ಬರ ಮುಚ್ಚಿಡಬೇಕು, ಸತ್ತ ಕೋಳಿಯನ್ನು ಗುಂಡಿ ತೆಗೆದು ಹೂಳಬೇಕು. ಹಸುಗಳಿಗೂ ಇಂಥದೇ ಮಾರ್ಗಸೂಚಿ ಇದೆ. ಅಲ್ಲಿ ಲೆಕ್ಕ 15 ರಾಸಿನಿಂದ ಶುರು.

ಓದಲು ಚೆನ್ನಾಗಿದೆ. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲೂಕು, ಪಾವಗಡದಿಂದ ಕುಣಿಗಲ್‌ವರೆಗೆ. ಜಿಲ್ಲಾ ಕೇಂದ್ರದಲ್ಲಿ ಕುಳಿತ ಯಾವ ಅಧಿಕಾರಿ ಟೇಪು ಹಿಡಿದು ನಮ್ಮೂರಿನ ಶೆಡ್ಡಿನಿಂದ ಶಾಲೆಗೆ ಎಷ್ಟು ಮೀಟರ್ ಅಂತ ಅಳೆಯುತ್ತಾನೆ? ಅಳೆದಾನು, ಒಂದು ಸಲ. ನಿಪ್ಪಲ್ ಸೋರುವುದು ವರ್ಷಕ್ಕೊಂದು ಸಲ ಅಲ್ಲವಲ್ಲ. ಇನ್ನೊಂದು ಜಾಣತನವನ್ನೂ ಹೇಳಬೇಕು. ಕಾನೂನಿನ ಗೆರೆ ಐದು ಸಾವಿರಕ್ಕಿದ್ದರೆ ಶೆಡ್ 4,900ಕ್ಕೆ ನಿಲ್ಲುತ್ತದೆ. ಪಕ್ಕದ ಶೆಡ್ ತಮ್ಮನ ಹೆಸರಿಗೆ, ಅದರಾಚೆಯದು ಹೆಂಡತಿಯ ಹೆಸರಿಗೆ. ಕಾಗದದ ಮೇಲೆ ಮೂರು ಸಣ್ಣ ರೈತರು. ಇದನ್ನು ಜಿಲ್ಲಾ ಕಚೇರಿ ಕಂಡುಹಿಡಿಯುವುದು ಕಷ್ಟ. ನಮ್ಮೂರಿನ ನೀರುಗಂಟಿ ಒಂದು ನಿಮಿಷದಲ್ಲಿ ಹೇಳುತ್ತಾನೆ.

ನಮ್ಮ ಕಡೆಗೆ ದೊಡ್ಡ ಪಶುಶಾಲೆ ಹೊಸದೇನಲ್ಲ. 'ತುರು' ಅಂದರೆ ಹಳಗನ್ನಡದಲ್ಲಿ ದನ. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಊರೂರಲ್ಲಿ ನಿಂತಿವೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ರಾಸುಗಳಿಗೆಂದು ಮೀಸಲಿಟ್ಟ ಕಾವಲುಗಳು ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯಲ್ಲೆಲ್ಲ ಇದ್ದವು. ತಿಪಟೂರಿನ ಕೊನೇಹಳ್ಳಿಯಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇವತ್ತಿಗೂ ಇದೆ. ಕಾವಲಿನ ಹುಲ್ಲು ಊರಿನ ಮಗ್ಗುಲಲ್ಲೇ ಬೆಳೆದರೂ ಅದನ್ನು ಯಾವ ದನ ಮೇಯಬೇಕು ಅಂತ ಹೇಳುತ್ತಿದ್ದದ್ದು ಸರ್ಕಾರ. ಅಂದರೆ ದನದ ವಿಷಯದಲ್ಲಿ ಮೇಲಿನವರ ಅಧಿಕಾರಕ್ಕೆ ಇಲ್ಲಿ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸ.

ಅಧಿಕಾರ ಕೆಳಗೆ ಬರಬೇಕು ಅಂತ ಹಟ ಹಿಡಿದವರೂ ನಮ್ಮಲ್ಲೇ ಇದ್ದರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ. ದೇಶವೇ ನಮ್ಮ ಕಡೆ ನೋಡುತ್ತಿತ್ತು. ಈಗ ನೋಡಿ. 2016ರಲ್ಲಿ ಗೆದ್ದ ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದೇ ಕಾರುಬಾರು. ಗ್ರಾಮಸಭೆಯ ನಿರ್ಣಯ ಮೇಲೆ ಹೋದರೆ ಅದನ್ನು ಕೈಗೆ ತೆಗೆದುಕೊಂಡು ಮಾತಾಡುವ ಚುನಾಯಿತ ಸದಸ್ಯನೇ ನಡುವೆ ಇಲ್ಲ. ಕೋಳಿ ಶೆಡ್ಡಿನ ಕಥೆಯಲ್ಲಿ ಇದು ಯಾಕೆ ಅನ್ನಬೇಡಿ. ಅಲ್ಲೇ ನಮ್ಮ ಅರ್ಜಿ ನಿಂತಿರುವುದು.

ಹೊರಗೆ ಏನಾಗಿದೆ ಅಂತಲೂ ಸ್ವಲ್ಪ ಓದಿದೆವು. ಅಮೆರಿಕದ ಅಯೋವಾ ರಾಜ್ಯದಲ್ಲಿ ಜನ ಮೂವತ್ತು ಲಕ್ಷ ಚಿಲ್ಲರೆ, ಹಂದಿ ಎರಡು ಕೋಟಿಗೂ ಹೆಚ್ಚು. ಅಲ್ಲಿ ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ದೊಡ್ಡ ಹಂದಿ ಫಾರಂಗಳು ಏಳುವಾಗ ಹಂಬೋಲ್ಟ್ ಎಂಬ ಕೌಂಟಿ 1996ರಲ್ಲಿ ತನ್ನದೇ ನಿಯಮ ಮಾಡಿತು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರಾಜ್ಯದ ಕಾನೂನು ಇರುವಾಗ ಕೌಂಟಿಯ ನಿಯಮ ನಡೆಯದು ಅಂತ ಎಲ್ಲವನ್ನೂ ಹೊಡೆದು ಹಾಕಿತು. ಆಮೇಲೆ 2002ರಲ್ಲಿ ಸಮಾಧಾನಕ್ಕೆ ಅಂಕಪಟ್ಟಿಯೊಂದನ್ನು ಕೊಟ್ಟರು. ಕೌಂಟಿಯವರು ಅರ್ಜಿಗೆ ಅಂಕ ಹಾಕಿ ಶಿಫಾರಸು ಮಾಡಬಹುದು, ಕೊನೆಯ ಮಾತು ರಾಜ್ಯದ್ದೇ. ಮಿಸೌರಿ ರಾಜ್ಯವೂ 2019ರಲ್ಲಿ ಅದೇ ದಾರಿ ಹಿಡಿಯಿತು. ಅವರ ಹಂದಿ, ನಮ್ಮ ಕೋಳಿ. ವಾದ ಮಾತ್ರ ಒಂದೇ. 'ಪ್ರತಿ ಊರೂ ಒಂದೊಂದು ನಿಯಮ ಮಾಡಿದರೆ ಉದ್ಯಮ ಬೆಳೆಯುವುದು ಹೇಗೆ' ಅಂತ ಒಬ್ಬರು, 'ವಾಸನೆ ಕುಡಿಯುವವರು ನಾವು, ಸಹಿ ಮಾತ್ರ ಅವರದೇ' ಅಂತ ಇನ್ನೊಬ್ಬರು.

ಕೇರಳ ಬೇರೆ ದಾರಿ ಹಿಡಿಯಿತು. 2012ರಲ್ಲಿ ಜಾನುವಾರು ಫಾರಂಗಳ ಲೈಸೆನ್ಸ್‌ಗೆಂದೇ ಪಂಚಾಯತ್ ರಾಜ್ ನಿಯಮ ತಂದರು. ಕಾಸರಗೋಡಿನ ನಮ್ಮ ಕನ್ನಡದವರು ದೊಡ್ಡ ಕೋಳಿ ಫಾರಂ ಮಾಡಬೇಕಾದರೆ ತಮ್ಮ ಗ್ರಾಮ ಪಂಚಾಯಿತಿಯ ಬಾಗಿಲಿಗೇ ಹೋಗಬೇಕು. ಎಲ್ಲಿಂದ ಎಷ್ಟು ದೂರ, ಗೊಬ್ಬರದ ಗುಂಡಿ ಹೇಗಿರಬೇಕು ಎಂಬುದೆಲ್ಲ ರಾಜ್ಯದ ನಿಯಮದಲ್ಲಿದೆ. ನೋಡುವುದು, ಲೈಸೆನ್ಸ್ ಕೊಡುವುದು ಪಂಚಾಯಿತಿ. ಸಣ್ಣ ರೈತರಿಗೆ ಕಷ್ಟವಾಗುತ್ತದೆ ಎಂಬ ದೂರು ಬಂದು ಆಮೇಲೆ ಸರ್ಕಾರವೇ ಮಿತಿಗಳನ್ನು ಸಡಿಲಿಸಿತು. ನಮಗೆ ಈ ದಾರಿ ಸರಿ ಅನ್ನಿಸುತ್ತದೆ. ಗೆರೆ ರಾಜ್ಯ ಎಳೆಯಲಿ, ಗೆರೆ ದಾಟಿದ್ದಾರೋ ಅಂತ ನೋಡುವ ಅಧಿಕಾರ ಊರಿಗಿರಲಿ.

ಹೀಗೆ ಅನ್ನುವಾಗ ಗಂಟಲಲ್ಲಿ ಒಂದು ಮುಳ್ಳೂ ಇದೆ. ನಮ್ಮ ಪಂಚಾಯಿತಿಗಳು ದೇವಲೋಕದಿಂದ ಇಳಿದವಲ್ಲ. ಒಂದು ಸಹಿ ಬೇಕು ಅಂತಾದರೆ ಆ ಸಹಿಗೆ ಒಂದು ಬೆಲೆ ಹುಟ್ಟುತ್ತದೆ. ಚುನಾವಣೆಯಲ್ಲಿ ಎದುರು ನಿಂತವನ ಶೆಡ್ಡಿಗೆ ಆಕ್ಷೇಪಣೆ, ತಮ್ಮ ಪಾರ್ಟಿಯವನ ಶೆಡ್ಡಿಗೆ ಉತ್ತೇಜನ. ಜಾತಿಯ ಮಾತನ್ನೂ ಬಿಟ್ಟು ಹೋಗುವಂತಿಲ್ಲ. ನಮ್ಮೂರಿನ ಸಭೆಯಲ್ಲಿ ಕೆಲವರು ನೊಣ ಅಂತ ಶುರು ಮಾಡಿ, 'ದೇವಸ್ಥಾನದ ದಾರೀಲಿ ಕೋಳಿ ಯಾಕೆ' ಎಂಬಲ್ಲಿಗೆ ಬಂದು ನಿಂತರು. ಹಾಲಿನ ಡೇರಿಯ ಹಿಂದಿನ ಸಗಣಿ ರಾಶಿಯ ಬಗ್ಗೆ ಅವರಿಗೆ ಮಾತೇ ಇರಲಿಲ್ಲ. ಆಗ ಹಿಂದೆ ಕೂತಿದ್ದ ಒಬ್ಬ ಹೆಣ್ಣುಮಗಳು ಎದ್ದು, 'ಕೋಳಿ ತಿನ್ನೋರು ಯಾರು, ತಿನ್ನದೋರು ಯಾರು ಅಂತ ಲೆಕ್ಕ ಬೇಡಿ. ಸ್ಕೂಲಿನ ತಟ್ಟೇಲಿ ನೊಣ ಕೂರಬಾರದು, ಅಷ್ಟು ಮಾಡಿ' ಅಂದರು. ಸಭೆಯಲ್ಲಿ ಆಡಿದ ಮಾತುಗಳಲ್ಲಿ ಅದೊಂದೇ ನಡಾವಳಿ ಪುಸ್ತಕಕ್ಕೆ ಬರೆಯಲು ಯೋಗ್ಯವಾಗಿತ್ತು. ಬರೆಯಲಿಲ್ಲ.

ರಾಜ್ಯ ಸುಮ್ಮನೆ ದೂರ ನಿಲ್ಲಬೇಕು ಅಂತಲೂ ನಾವು ಹೇಳುತ್ತಿಲ್ಲ. ಹಕ್ಕಿಜ್ವರ ಬಂದರೆ ಪಂಚಾಯಿತಿಯ ಕೈಯಲ್ಲಿ ಏನಾಗುತ್ತದೆ? 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಫಾರಂಗೇ ಬಂತು. 2020ರಲ್ಲಿ ಮೈಸೂರಿಗೆ, 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಗೆ. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನಲ್ಲಿ ಕೋಳಿಗಳನ್ನು ಕೊಲ್ಲುವುದು, ಹತ್ತು ಕಿಲೋಮೀಟರ್ ಕಣ್ಗಾವಲು, ಪರಿಹಾರ, ಸಾಗಾಟ ನಿಲ್ಲಿಸುವುದು ಎಲ್ಲ ಜಿಲ್ಲಾಡಳಿತ, ಪಶುಸಂಗೋಪನಾ ಇಲಾಖೆ ಮಾಡಬೇಕಾದ ಕೆಲಸ. ಆದರೆ 2009ರ ಪ್ರಾಣಿ ರೋಗ ತಡೆ ಕಾಯ್ದೆಯನ್ನೇ ಓದಿ: ರೋಗದ ಅನುಮಾನ ಬಂದವರು ಮೊದಲು ತಿಳಿಸಬೇಕಾದದ್ದು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ. ಸುದ್ದಿ ಮೊದಲು ಪಂಚಾಯಿತಿಗೆ ಬರಬೇಕು ಅಂತ ಕಾನೂನೇ ಹೇಳುವಾಗ, ಯಾವ ಶೆಡ್ಡಿನಲ್ಲಿ ಎಷ್ಟು ಕೋಳಿ ಇದೆ ಎಂಬ ಲೆಕ್ಕವಾದರೂ ಪಂಚಾಯಿತಿಯಲ್ಲಿ ಇರಬೇಡವೇ?

ಇಂಥ ತೊಂದರೆ ಇರುವ ಊರಿನವರಿಗೆ ಒಂದು ದಾರಿ ಈಗಲೂ ತೆರೆದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಳೆಯ ಸಿಆರ್‌ಪಿಸಿಯ 133ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಜನರ ಆರೋಗ್ಯಕ್ಕೆ, ನೆಮ್ಮದಿಗೆ ತೊಂದರೆ ಕೊಡುವ ಕಸುಬನ್ನು ನಿಲ್ಲಿಸುವಂತೆ ಅಥವಾ ಇಂತಿಂಥ ಕ್ರಮದಲ್ಲಿ ನಡೆಸುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ನಮ್ಮ ಮೂರು ತಾಲೂಕಿಗೂ ಉಪವಿಭಾಗಾಧಿಕಾರಿ ಇರುವುದು ತಿಪಟೂರಿನಲ್ಲಿ. ಅರ್ಜಿಯಲ್ಲಿ 'ಆಕ್ರೋಶ' ಅಂತ ಬರೆಯಬೇಡಿ. ದಿನಾಂಕ ಬರೆಯಿರಿ, ಶಾಲೆಗೆ ಎಷ್ಟು ಮೀಟರ್ ಅಂತ ಅಳೆದು ಬರೆಯಿರಿ, ಫೋಟೋ ಇಡಿ, ಎಷ್ಟು ಮಕ್ಕಳಿಗೆ ಹೊಟ್ಟೆ ಕೆಟ್ಟಿತು ಅಂತ ಆಸ್ಪತ್ರೆ ಚೀಟಿ ಇಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ನಮ್ಮೂರಿನಲ್ಲಿ ಅಲ್ಲಿಗೆ ಹೋಗಬೇಕಾಗಲಿಲ್ಲ. ಅಣ್ಣ ಗ್ರಾಮಸಭೆಗೆ ತಾವಾಗಿ ಬಂದರು. ಮೊದಲು ಕೋಪದಲ್ಲೇ ಮಾತಾಡಿದರು. 'ಕೊಬ್ಬರಿ ಬಿದ್ದಾಗ ಯಾರೂ ಸಭೆ ಸೇರಲಿಲ್ಲ, ನಾನು ಶೆಡ್ ಹಾಕಿದಾಗ ಎಲ್ಲರೂ ಸೇರಿದ್ದೀರಿ' ಅಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಮಾತು ನಿಪ್ಪಲ್ಲಿಗೆ ಬಂತು, ಗುಂಡಿ ಎಷ್ಟು ಆಳ ಇರಬೇಕು ಎಂಬಲ್ಲಿಗೆ ಬಂತು, ಟಾರ್ಪಾಲು ಯಾರು ಕೊಡಿಸಬೇಕು ಎಂಬಲ್ಲಿಗೆ ಬಂತು. ಸೋರುವ ಪೈಪ್ ಬದಲಾಯಿಸಿದರು. ಸತ್ತ ಕೋಳಿಗೆ ಸುಣ್ಣ ಹಾಕಿ ಮುಚ್ಚಳವಿರುವ ಗುಂಡಿ ಮಾಡಿದರು. ಗೊಬ್ಬರ ಟಾರ್ಪಾಲಿನಡಿಗೆ ಹೋಯಿತು. ಅದರ ಜೊತೆಗೆ, ಯಾರ ತೋಟದ ಅಂಚಿನಲ್ಲೂ ಗೊಬ್ಬರದ ರಾಶಿ ಮೂರು ದಿನಕ್ಕಿಂತ ಹೆಚ್ಚು ಇರಕೂಡದು ಅಂತ ಎಲ್ಲರಿಗೂ ಅನ್ವಯವಾಗುವ ಮಾತಾಯಿತು. ಅದನ್ನು ಮೊದಲು ಮುರಿದವರು ದೂರಿನಲ್ಲಿ ಮೊದಲ ಸಹಿ ಹಾಕಿದ್ದವರು.

ಮಾತಿಗೆ ಮಾತ್ರ ಕಾನೂನಿನ ಬಲ ಇಲ್ಲ. ಹೊಸ ಶೆಡ್ ಹಾಕುವವರು ಮೂವತ್ತು ದಿನ ಮುಂಚೆ ಪಂಚಾಯಿತಿಗೆ ತಿಳಿಸಬೇಕು, ಕೋಳಿ ಲೆಕ್ಕ ಕೊಡಬೇಕು, ಒಂದೇ ಮನೆಯವರ ಶೆಡ್ಡುಗಳನ್ನು ಒಂದೇ ಎಂದು ಎಣಿಸಬೇಕು ಅಂತ ಸಭೆ ನಿರ್ಣಯ ಮಾಡಿ ಮೇಲಕ್ಕೆ ಕಳಿಸಿ ಏಳು ತಿಂಗಳಾಯಿತು. ಉತ್ತರ ಬಂದಿಲ್ಲ. ಅಷ್ಟರೊಳಗೆ ಊರಿನ ಇನ್ನೊಂದು ತುದಿಯಲ್ಲಿ, ಕೆರೆ ಏರಿಯ ಕೆಳಗೆ, ಯಾರೋ ಹೊಸಬರು ಕೊಂಡ ತೋಟದಲ್ಲಿ ಕಂಬಕ್ಕೆ ಗುಂಡಿ ತೋಡಿದ್ದಾರೆ. ಹಸುವಿಗೋ, ಕೋಳಿಗೋ ಗೊತ್ತಿಲ್ಲ. ವಾಚ್‌ಮನ್‌ನನ್ನು ಕೇಳಿದರೆ, 'ಸಾಹೇಬ್ರು ಶನಿವಾರ ಬರ್ತಾರೆ, ಅವರನ್ನೇ ಕೇಳಿ' ಅಂದ. ಶನಿವಾರ ಊರಿನ ನಾಲ್ಕು ಜನ, ಪಂಚಾಯಿತಿ ಸದಸ್ಯರಿಬ್ಬರು, ಜೊತೆಗೆ ಅಣ್ಣನೂ ಹೋಗುವುದು ಅಂತ ಆಗಿದೆ.